ಸತ್ಯಾಂಶ: ಕೆಂಪಾದ ಜಾಗವನ್ನು ತಿಕ್ಕಿದರೆ ಹಾಸಿಗೆ ಹುಣ್ಣು ಆಗುವುದಿಲ್ಲವೇ?

‘ಮಲಗಿದಲ್ಲೇ ಇರುವ ರೋಗಿಯ ಸೊಂಟ ಕೆಂಪಾದರೆ ಸ್ಪಿರಿಟ್ ಹಚ್ಚಿ ಚೆನ್ನಾಗಿ ತಿಕ್ಕಿ, ಕೆಳಗೆ ಗಾಳಿ ತುಂಬಿದ ರಿಂಗ್ ಇಡಿ’ ಎಂಬ ವಾಟ್ಸಾಪ್ ಸಂದೇಶ ಓಡಾಡುತ್ತಿದೆ. ದಯವಿಟ್ಟು ಹಾಗೆ ಮಾಡಬೇಡಿ.

ಹುಣ್ಣಿಗೆ ಮುಖ್ಯ ಕಾರಣ ಒತ್ತಡ. ಮೂಳೆಗೂ ಹಾಸಿಗೆಗೂ ನಡುವೆ ಸಿಕ್ಕಿಕೊಂಡ ಚರ್ಮಕ್ಕೆ ರಕ್ತ ಸರಿಯಾಗಿ ಹರಿಯುವುದಿಲ್ಲ. ಆಗಲೇ ನೊಂದ ಜಾಗವನ್ನು ತಿಕ್ಕಿದರೆ ಒಳಗೆ ಇನ್ನೂ ಜಾಸ್ತಿ ಪೆಟ್ಟಾಗುತ್ತದೆ. ಸ್ಪಿರಿಟ್ ಚರ್ಮವನ್ನು ಒಣಗಿಸುತ್ತದೆ. ರಿಂಗ್ ಸುತ್ತಲೂ ಒತ್ತಿ, ನಡುವಿನ ಭಾಗಕ್ಕೆ ರಕ್ತ ಹೋಗುವುದನ್ನೇ ತಡೆಯುತ್ತದೆ.

ಕೆಂಪಾದ ಕಡೆ ಬೆರಳಿನಿಂದ ಮೆಲ್ಲಗೆ ಒತ್ತಿ ಬಿಡಿ. ಒತ್ತಿದಾಗಲೂ ಬಿಳಿಚದಿದ್ದರೆ ಅದು ಹುಣ್ಣಿನ ಮೊದಲ ಹಂತ. ಕೂಡಲೇ ನರ್ಸ್‌ಗೆ ತೋರಿಸಿ. ಮೈಬಣ್ಣ ಕಪ್ಪಗಿದ್ದರೆ ಕೆಂಪು ಕಾಣುವುದೇ ಕಷ್ಟ ಅಲ್ವಾ? ಮುಟ್ಟಿ ನೋಡಿ: ಸುತ್ತಲಿಗಿಂತ ಬಿಸಿ, ಗಟ್ಟಿ ಅನ್ನಿಸುತ್ತದೆಯೇ, ನೋವಿದೆಯೇ?

ನಿಜವಾಗಿ ಕಾಪಾಡುವುದು ಮಗ್ಗುಲು ಬದಲಿಸುವುದು. ಸಾಮಾನ್ಯವಾಗಿ 2 ಗಂಟೆಗೊಮ್ಮೆ ಎನ್ನುತ್ತಾರೆ. ರೋಗಿಯ ಸ್ಥಿತಿ ನೋಡಿ ವಾರ್ಡಿನವರು ಸಮಯ ಹೇಳುತ್ತಾರೆ. ಪೂರ್ತಿ ಪಕ್ಕಕ್ಕೆ ಬೇಡ, ಬೆನ್ನಿಗೆ ದಿಂಬು ಕೊಟ್ಟು ಸುಮಾರು 30 ಡಿಗ್ರಿ ಓರೆ ಸಾಕು. ಎಳೆಯಬೇಡಿ; ಇಬ್ಬರು ಸೇರಿ ಕೆಳಗಿನ ಬೆಡ್‌ಶೀಟ್ ಹಿಡಿದು ಎತ್ತಿ ಸರಿಸಿ. ಮೀನಖಂಡದ ಕೆಳಗೆ ದಿಂಬಿಟ್ಟು ಹಿಮ್ಮಡಿ ಹಾಸಿಗೆಗೆ ತಾಗದಂತೆ ಮಾಡಿ.

ಏರ್‌ಬೆಡ್ ತಂದಿದ್ದೇವೆ ಅಂತ ಸುಮ್ನೆ ಬಿಡಬೇಡಿ, ಅದರ ಮೇಲೂ ಮಗ್ಗುಲು ಬದಲಿಸಲೇಬೇಕು. ಒದ್ದೆ ಡೈಪರ್ ಕೂಡಲೇ ತೆಗೆಯಿರಿ. ಚರ್ಮ ಚೆನ್ನಾಗಿರಲು ಪ್ರೋಟೀನ್ ಬೇಕು; ಮೊಟ್ಟೆ, ಬೇಳೆ, ಮೊಸರು ಎಷ್ಟು ಕೊಡಬಹುದು ಎಂದು ವೈದ್ಯರನ್ನು ಕೇಳಿ.