ನಮ್ಮನ್ನು ಫೇಲ್ ಮಾಡಿ ಸ್ವಾಮಿ!

ಪರೀಕ್ಷೆಗೆ ಹತ್ತು ತಿಂಗಳು ಇರುವಾಗಲೇ ಬಂದು, "ಸಾರ್, ನಾನು ಹೇಗೂ ಪಾಸಾಗಲ್ಲ, ಈಗಲೇ ಫೇಲ್ ಅಂತ ಬರೆದುಬಿಡಿ" ಎಂದು ಅರ್ಜಿ ಕೊಟ್ಟ ಹುಡುಗನನ್ನು ಎಲ್ಲಾದರೂ ನೋಡಿದ್ದೀರಾ? ನಾನಿರುವುದೇ ಅವನ ಮನೆಯಲ್ಲಿ. ಹೆಸರು ಟೆಕ್ಸಾಸ್.

2023ರ ಅಕ್ಟೋಬರ್‌ನಲ್ಲಿ ಇಲ್ಲಿನ ಗವರ್ನರ್ ಗ್ರೆಗ್ ಆಬಟ್ ಅವರು ಅಮೆರಿಕದ ಪರಿಸರ ಸಂಸ್ಥೆ ಇಪಿಎಗೆ ಒಂದು ಪತ್ರ ಬರೆದರು. ಡಲ್ಲಾಸ್, ಹ್ಯೂಸ್ಟನ್, ಸ್ಯಾನ್ ಆಂಟೋನಿಯೊ ಗಾಳಿಯನ್ನು ಓಝೋನ್ ಲೆಕ್ಕದಲ್ಲಿ 'ಮಾಡರೇಟ್' ದರ್ಜೆಯಲ್ಲಿ ಇಟ್ಟಿದ್ದೀರಿ, ದಯವಿಟ್ಟು 'ಸೀರಿಯಸ್' ದರ್ಜೆಗೆ ತಳ್ಳಿ ಅಂತ. 2024ರ ಜೂನ್‌ನಲ್ಲಿ ಇಪಿಎ ಹೂಂ ಅಂದಿತು. ಅನ್ನದೆ ಬೇರೆ ದಾರಿಯೂ ಇರಲಿಲ್ಲ. ರಾಜ್ಯ ತಾನಾಗಿ ಕೇಳಿದರೆ ಕೆಳಗಿನ ದರ್ಜೆ ಕೊಡಲೇಬೇಕು ಅಂತ ಕಾನೂನಿನಲ್ಲೇ ಇದೆ.

ಇದರಲ್ಲಿ ಲಾಭ ಏನು? ಟೈಮು. ಮಾಡರೇಟ್ ಆಗಿದ್ದರೆ ಡಲ್ಲಾಸ್ ಗಾಳಿ 2024ರ ಆಗಸ್ಟ್ ಒಳಗೆ ಸರಿಹೋಗಬೇಕಿತ್ತು. ಸೀರಿಯಸ್ ಆದ್ದರಿಂದ 2027ರ ಆಗಸ್ಟ್‌ವರೆಗೆ ಬಿಡುವು. ಸುಮ್ಮನೆ ಸಿಗುವುದಿಲ್ಲ ಅನ್ನಿ, ದರ್ಜೆ ಇಳಿದಂತೆ ಸಣ್ಣ ಕಾರ್ಖಾನೆಗಳಿಗೂ ನಿಯಮ ಬಿಗಿಯಾಗುತ್ತದೆ. ಆದರೂ ಕಾಯಿಲೆ ಜಾಸ್ತಿ ಅಂತ ಒಪ್ಪಿಕೊಂಡವನಿಗೆ ಮೂರು ವರ್ಷ ಔಷಧಿ ಮುಂದಕ್ಕೆ ಹಾಕುವ ಆಸ್ಪತ್ರೆ ಬೇರೆಲ್ಲಿದೆ?

ಡಲ್ಲಾಸ್ ಪಕ್ಕದ ನಮ್ಮ ಪ್ಲೇನೊದಲ್ಲಿ ಬೇಸಿಗೆ ಸಂಜೆ ವಾಕಿಂಗ್ ಹೊರಡುವ ಅಪ್ಪ-ಅಮ್ಮಂದಿರ ಗುಂಪೊಂದಿದೆ. ಮಕ್ಕಳ ಮನೆಗೆ ಅಂತ ಆರು ತಿಂಗಳಿಗೆ ಊರಿಂದ ಬಂದವರು. ಕಾಲಿಗೆ ಮಗ ಕೊಡಿಸಿದ ಹೊಸ ಶೂ, ಮೈಮೇಲೆ ಹಳೇ ಪೈಜಾಮ. ಅವರಲ್ಲೊಬ್ಬರು ಅರಸೀಕೆರೆ ಕಡೆಯ ರಿಟೈರ್ಡ್ ಹೆಡ್‌ಮಾಸ್ಟರು. ಬಂದ ವಾರವೇ ಶುರು ಮಾಡಿದರು.

"ಏನಯ್ಯಾ ಅದು, ಹೈವೇ ಬೋರ್ಡಿನಲ್ಲಿ 'ಓಝೋನ್ ಆಕ್ಷನ್ ಡೇ' ಅಂತ ಬರುತ್ತಲ್ಲ? ಓಝೋನ್ ಒಳ್ಳೇದು ಅಂತ ಮೂವತ್ತು ವರ್ಷ ಪಾಠ ಮಾಡಿದ್ದೀನಿ ನಾನು."

"ಮೇಲೆ ಇದ್ದರೆ ಒಳ್ಳೇದು ಮೇಷ್ಟ್ರೇ. ಮೂಗಿನ ಮಟ್ಟಕ್ಕೆ ಬಂದರೆ ಕೆಮ್ಮು, ಎದೆ ಬಿಗಿತ, ಆಸ್ತಮಾ ಇದ್ದವರಿಗೆ ಒದ್ದಾಟ. ಇದನ್ನು ಯಾವ ಚಿಮಣಿಯೂ ಉಗುಳಲ್ಲ. ಗಾಡಿ, ಕಾರ್ಖಾನೆಗಳ ನೈಟ್ರೋಜನ್ ಹೊಗೆಗೆ ಪೆಟ್ರೋಲು, ಪೇಂಟು ಇವುಗಳ ಆವಿ ಸೇರಿಕೊಂಡು ಬಿಸಿಲಲ್ಲಿ ತಯಾರಾಗುತ್ತೆ. ಮಧ್ಯಾಹ್ನದಿಂದ ಸಂಜೆವರೆಗೆ ಜಾಸ್ತಿ."

"ಅಂದ್ರೆ ನಾವು ವಾಕಿಂಗ್ ಹೋಗೋ ಹೊತ್ತು. ಸರಿ, ಆಕ್ಷನ್ ಏನು?"

ಆಕ್ಷನ್ ಏನೆಂದರೆ, ಪೆಟ್ರೋಲನ್ನು ಹೊತ್ತು ಮುಳುಗಿದ ಮೇಲೆ ಹಾಕಿಸಬೇಕು. ಮನೆ ಮುಂದಿನ ಹುಲ್ಲನ್ನೂ ಆಮೇಲೇ ಕತ್ತರಿಸಬೇಕು. ಆದಷ್ಟು ಕಾರು ಬಿಟ್ಟು ಬಸ್ಸಿಗೆ ಹೋಗಬೇಕು. ಈ ಬುದ್ಧಿವಾದ ಮಿನುಗುವುದು ಕಾರಿಗೊಬ್ಬರಂತೆ ಕೂತು ಸಾಗುವ ಹೈವೇಯ ನೆತ್ತಿಯ ಮೇಲೆ. ಪಕ್ಕದ ಆರ್ಲಿಂಗ್ಟನ್ ಸುಮಾರು 4 ಲಕ್ಷ ಜನರ ಊರು. ಗೊತ್ತಾದ ರೂಟಿನಲ್ಲಿ ಓಡುವ ಒಂದು ಸಿಟಿ ಬಸ್ಸೂ ಅಲ್ಲಿಲ್ಲ. ಬಸ್ಸು ಹತ್ತಿ ಅನ್ನುವುದು ರಾಜ್ಯದ ಕೆಲಸ, ಬಸ್ಸು ಬಿಡುವುದು ಊರಿನ ಕೆಲಸ. ಇಬ್ಬರೂ ತಮ್ಮ ತಮ್ಮ ಯೋಜನೆಯಲ್ಲಿ ಅದನ್ನು ನೀಟಾಗಿ ಬರೆದುಕೊಂಡಿರುತ್ತಾರೆ.

ಮೇಷ್ಟ್ರಿಗೆ ಬಸ್ಸಿಗಿಂತ ಮಾರ್ಕ್ಸಿನ ವಿಷಯದಲ್ಲಿ ಆಸಕ್ತಿ. "ಪಾಸಾಗೋಕೆ ಎಷ್ಟು ಬೇಕು?"

70 ಪಿಪಿಬಿ, ಅಂದೆ. ಗಾಳಿಯ ನೂರು ಕೋಟಿ ಪಾಲಿನಲ್ಲಿ ಓಝೋನ್ 70 ಪಾಲು ಮೀರಬಾರದು. 2015ರಲ್ಲಿ ಗೊತ್ತು ಮಾಡಿದ ಮಿತಿ. ಆದರೆ ಮೌಲ್ಯಮಾಪನ ಹೇಗೆ ಅಂತ ಕೇಳಿ. ಒಂದೊಂದು ದಿನದ ಅತಿ ಕೆಟ್ಟ ಎಂಟು ಗಂಟೆಗಳ ಸರಾಸರಿ ತೆಗೆಯುತ್ತಾರೆ. ವರ್ಷದಲ್ಲಿ ಅತಿ ಕೆಟ್ಟ ಮೂರು ದಿನಗಳನ್ನು ಬಿಟ್ಟು ನಾಲ್ಕನೆಯದನ್ನು ಹಿಡಿಯುತ್ತಾರೆ. ಹಾಗೆ ಮೂರು ವರ್ಷದ್ದು ಕೂಡಿಸಿ ಮತ್ತೆ ಸರಾಸರಿ. ಬಂದ ಅಂಕಿಯಲ್ಲಿ ದಶಾಂಶ ಇದ್ದರೆ ಕತ್ತರಿಸಿ ಎಸೆಯುತ್ತಾರೆ. 70.9 ಬಂದರೂ ಅದು 70, ಪಾಸ್.

ಮೇಷ್ಟ್ರು ನಡೆಯುತ್ತಿದ್ದವರು ನಿಂತುಬಿಟ್ಟರು. "ಅತಿ ಕೆಟ್ಟ ಮೂರು ದಿನ ಲೆಕ್ಕಕ್ಕೇ ಇಲ್ವಾ?"

ಇಲ್ಲ. ವಿಚಿತ್ರ ಹವೆಯ ಒಂದೆರಡು ದಿನದಿಂದ ಇಡೀ ಊರಿನ ಹಣೆಬರಹ ಬರೆಯಬಾರದು ಅನ್ನುವುದು ಅದರ ಹಿಂದಿನ ಯೋಚನೆ, ಅದನ್ನು ತಪ್ಪು ಅನ್ನಲಾರೆ. ಆದರೆ ಅಷ್ಟಕ್ಕೇ ನಿಲ್ಲುವುದಿಲ್ಲ. ಕಾಡ್ಗಿಚ್ಚಿನ ಹೊಗೆ ಬಂದ ದಿನ 'ಅಸಾಮಾನ್ಯ ಘಟನೆ' ಅಂತ ಫೈಲು ಹಾಕಿ, ಒಪ್ಪಿಸಿದರೆ ಆ ದಿನವೂ ಮಾಯ. ಪಟಾಕಿಯ ಹೊಗೆಗೂ ಅದೇ ನಿಯಮದಲ್ಲಿ ಜಾಗ ಉಂಟು. ಇನ್ನು 1997ರ ಹಳೆಯ ಮಿತಿಯನ್ನಂತೂ 0.08 ಪಿಪಿಎಂ (ಹತ್ತು ಲಕ್ಷ ಪಾಲಿನ ಲೆಕ್ಕ, ಅಂದರೆ 80 ಪಿಪಿಬಿ) ಎಂದು ಬರೆದು, ಅಂಕಿಯನ್ನು ಎರಡು ದಶಾಂಶಕ್ಕೆ ಇಳಿಸುತ್ತಿದ್ದರು. 80ಕ್ಕೆ ನಿಲ್ಲಬೇಕಾದ ಊರು 84ರವರೆಗೂ ಆರಾಮಾಗಿ ಪಾಸಾಗುತ್ತಿತ್ತು. ಪುಪ್ಪುಸಕ್ಕೆ ಮಾತ್ರ ಈ ದಶಾಂಶದ ನಿಯಮ ಯಾರೂ ಹೇಳಿಲ್ಲ, ಅದು ಪೂರ್ತಿ 84ನ್ನೂ ಎಳೆದುಕೊಳ್ಳುತ್ತದೆ.

ಇದಕ್ಕಿಂತ ಚೆಂದದ್ದು ಇನ್ನೊಂದಿದೆ. ಡಲ್ಲಾಸ್ ಒಟ್ಟಿಗೆ ಎರಡು ಪರೀಕ್ಷೆ ಬರೆಯುತ್ತಿದೆ. ಒಂದು 2008ರ ಹಳೆಯದು, ಮಿತಿ 75. ಇನ್ನೊಂದು 2015ರದು, ಮಿತಿ 70. ಹಳೆಯದರಲ್ಲಿ ಮತ್ತೆ ಮತ್ತೆ ಡುಮ್ಕಿ ಹೊಡೆದು ಈಗ 'ಸೀರಿಯಸ್'ಗಿಂತಲೂ ಕೆಳಗಿನ 'ಸಿವಿಯರ್' ದರ್ಜೆಗೆ ಬಿದ್ದಿದೆ. ಕಷ್ಟದ ಹೊಸ ಪರೀಕ್ಷೆಯಲ್ಲಿ ಇನ್ನೂ 'ಸೀರಿಯಸ್' ಅಷ್ಟೇ. ಅಂದರೆ ಅದೇ ಊರು, ಅದೇ ಆಕಾಶ, ಅದೇ ಗಾಳಿ. ಸುಲಭದ ಪ್ರಶ್ನೆಪತ್ರಿಕೆಯಲ್ಲಿ ತೀರಾ ದಡ್ಡ, ಕಷ್ಟದ್ದರಲ್ಲಿ ಸ್ವಲ್ಪ ವಾಸಿ! ಹಳೆಯದರ ಗಡುವು 2027ರ ಜುಲೈ 20. ಹೊಸದರದ್ದು ಆಗಸ್ಟ್ 3. ಎರಡೇ ವಾರದ ಅಂತರ. ಆ ಎರಡು ವಾರದಲ್ಲಿ ಗಾಳಿ ಇನ್ನೂ 5 ಪಿಪಿಬಿ ತಿಳಿಯಾಗಿಬಿಡುತ್ತದೆ ಅಂತ ಕಾಗದ ನಂಬಿದೆ.

ಸ್ಯಾನ್ ಆಂಟೋನಿಯೊ ವಿಷಯದಲ್ಲಿ ಟೆಕ್ಸಾಸ್ ಬೇರೆ ವರಸೆ ತೆಗೆದಿತ್ತು. ಹೊರದೇಶದ ಹೊಗೆ ಬಾರದಿದ್ದರೆ ನಾವು ಪಾಸಾಗುತ್ತಿದ್ದೆವು ಅಂತ. ಆಗ ಇಪಿಎ ಒಪ್ಪಲಿಲ್ಲ. 2025ರಲ್ಲಿ ಇಪಿಎಯೇ ಆ ಬಗೆಯ ವಾದಗಳನ್ನು ಒರೆಗೆ ಹಚ್ಚುವ ತನ್ನ ಮಾರ್ಗಸೂಚಿಯನ್ನು ವಾಪಸ್ ತೆಗೆದುಕೊಂಡಿತು. ಪಕ್ಕದ ಬೆಂಚಿನವನ ಮೇಲೆ ಚಾಡಿ ಹೇಳುವ ದಾರಿ ಈಗ ಇನ್ನೂ ಅಗಲವಾಗಿದೆ.

"ಬರೀ ಟೆಕ್ಸಾಸನ್ನೇ ಬೈಬೇಡ. ನನ್ನ ಎರಡನೇ ಮಗ ಇರೋದು ಲಾಸ್ ಏಂಜಲೀಸಲ್ಲಿ, ಅಲ್ಲೆಲ್ಲ ಬಹಳ ಕಟ್ಟುನಿಟ್ಟಂತೆ" ಅಂದರು ಮೇಷ್ಟ್ರು.

ಕಟ್ಟುನಿಟ್ಟು ಹೌದು, ಗಾಳಿ ಹಿಂದಿಗಿಂತ ಎಷ್ಟೋ ಸುಧಾರಿಸಿದೆ, ಅದೂ ಹೌದು. ಆದರೂ ಅಲ್ಲಿನ ದರ್ಜೆ ಎಲ್ಲಕ್ಕಿಂತ ಕೆಳಗಿನದು, 'ಎಕ್ಸ್‌ಟ್ರೀಮ್'. ಈ ದರ್ಜೆಗೆ ಒಂದು ವಿಶೇಷ ಸೌಲಭ್ಯ ಇದೆ. ಇನ್ನೂ ಕೈಗೆ ಬಾರದ ತಂತ್ರಜ್ಞಾನದಿಂದ ಮುಂದೆ ಇಷ್ಟು ಹೊಗೆ ಕಡಿಮೆಯಾಗುತ್ತದೆ ಅಂತ ಈಗಲೇ ಯೋಜನೆಯಲ್ಲಿ ಜಮಾ ಬರೆದುಕೊಳ್ಳಬಹುದು. ಈ ಕಲಮಿಗೆ ಅಲ್ಲಿನವರೇ ಇಟ್ಟ ಅಡ್ಡಹೆಸರು 'ಬ್ಲ್ಯಾಕ್ ಬಾಕ್ಸ್'. ಉತ್ತರದ ಜಾಗದಲ್ಲಿ 'ಉತ್ತರ ಆಮೇಲೆ ಸಿಗುತ್ತದೆ' ಅಂತ ಬರೆದು ಮಾರ್ಕ್ಸ್ ತಗೊಳ್ಳುವುದು. ಪೆಟ್ಟಿಗೆ ತೆರೆಯುವ ಕಾಲ ಬಂದಾಗ ಕ್ಯಾಲಿಫೋರ್ನಿಯಾ ಹೇಳಿತು: ಹಡಗು, ವಿಮಾನ, ರೈಲು ನಮ್ಮ ಕೈಯಲ್ಲಿಲ್ಲ, ಅದರ ಹೊಗೆ ಕೇಂದ್ರ ಸರ್ಕಾರವೇ ಇಳಿಸಲಿ. 2024ರಲ್ಲಿ ಇಪಿಎ ಅದನ್ನು ತಳ್ಳಿಹಾಕುವ ಪ್ರಸ್ತಾವ ಮಾಡಿತು. ರಾಜ್ಯ ಕೇಂದ್ರಕ್ಕೆ ಹೋಂವರ್ಕ್ ಕೊಡುವ ಹಾಗಿಲ್ಲವಂತೆ. ಈ ಜಗ್ಗಾಟದ ನಡುವೆಯೇ 1997ರ ಮಿತಿಯ ಗಡುವು ಮುಗಿದುಹೋಯಿತು. ಮಿತಿ ಮುಟ್ಟಲಿಲ್ಲ.

ಮತ್ತೆ ನಮ್ಮ ಟೆಕ್ಸಾಸಿಗೆ ಬಂದರೆ, 2025ರ ಜನವರಿಯಿಂದ ಸ್ವಂತ ಕಾರುಗಳಿಗೆ ವರ್ಷಾವರ್ಷದ ಸುರಕ್ಷತಾ ತಪಾಸಣೆ ರದ್ದಾಗಿದೆ. ಡಲ್ಲಾಸ್‌ನಂಥ ಕಡೆ ಹೊಗೆ ತಪಾಸಣೆ ಮಾತ್ರ ಉಳಿದಿದೆ. ಹೋದ ತಪಾಸಣೆಯ ಶುಲ್ಕ ಏಳೂವರೆ ಡಾಲರ್ ಮಾತ್ರ ಹೋಗಿಲ್ಲ. ಅದಕ್ಕೀಗ 'ತಪಾಸಣೆಯ ಬದಲಿ ಶುಲ್ಕ' ಅಂತ ಹೆಸರು. ಇದನ್ನು ಕೇಳಿ ಮೇಷ್ಟ್ರು ಮೊದಲ ಸಲ ಮನಸಾರೆ ನಕ್ಕರು. ಊರಿನ ನೆನಪಾಯಿತೋ ಏನೋ.

"ಅಲ್ಲಯ್ಯಾ, ನಮ್ಮ ಬೆಂಗಳೂರಿನ ಓಝೋನ್ ಕಥೆ ಏನು?"

2009ರಿಂದ ನಮಗೂ ಮಿತಿ ಇದೆ, ಎಂಟು ಗಂಟೆಗೆ ಘನ ಮೀಟರಿಗೆ 100 ಮೈಕ್ರೋಗ್ರಾಂ. ಅಳೆಯುವ ಯಂತ್ರಗಳೂ ಇವೆ. 2019ರಲ್ಲಿ ಶುರುವಾದ ಶುದ್ಧ ಗಾಳಿ ಕಾರ್ಯಕ್ರಮದ ಪಟ್ಟಿಯಲ್ಲಿ ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿ ನಾಲ್ಕೂ ಇವೆ. ಆದರೆ ಇಳಿಸಬೇಕು ಅಂತ ಗುರಿ ಇಟ್ಟಿರುವುದು ದೂಳಿನ ಕಣಕ್ಕೆ. ಓಝೋನಿಗೆ ಗುರಿಯೇ ಇಲ್ಲ.

"ಮತ್ತೆ ದುಡ್ಡು ಯಾವುದಕ್ಕೆ ಖರ್ಚಾಗುತ್ತೆ?"

"ರಸ್ತೆಗೆ ನೀರು ಚಿಮುಕಿಸೋಕೆ, ಮಿಷಿನ್ನಲ್ಲಿ ಗುಡಿಸೋಕೆ."

"ಆ ಗುಡಿಸೋ ಲಾರಿ ಯಾವುದರಲ್ಲಿ ಓಡುತ್ತೆ?"

"ಬಹುಪಾಲು ಡೀಸೆಲ್ಲಿನಲ್ಲಿ ಮೇಷ್ಟ್ರೇ."

"ಡೀಸೆಲ್ ಹೊಗೇಲಿ ಆ ನೈಟ್ರೋಜನ್ ಸಾಮಾನು ಇರಲ್ವಾ?"

ಇರುತ್ತೆ ಅಂದೆ. ಗುಡಿಸಿದಷ್ಟೂ ದೂಳಿನ ಕಾಲಮ್ಮಿನಲ್ಲಿ ಅಂಕಿ ಇಳಿಯುತ್ತದೆ. ಹೊಗೆ ಹೋಗಿ ಸೇರುವುದು ಯಾರೂ ಕೇಳದ ಕಾಲಮ್ಮಿಗೆ.