ಚರ್ಚಿನಲ್ಲಿ ಗೊಜ್ಜವಲಕ್ಕಿ

ಇಟಲಿಯ ಫ್ಲಾರೆನ್ಸ್ ಸ್ಟೇಷನ್ನಿಂದ ಹೊರಗೆ ಬಂದ ತಕ್ಷಣ ಎದುರಿಗೇ ಒಂದು ಚರ್ಚು ಕಾಣುತ್ತೆ, ಸಾಂಟಾ ಮರಿಯಾ ನೊವೆಲ್ಲಾ ಅಂತ, ಸ್ಟೇಷನ್ನಿಗೂ ಅದರದ್ದೇ ಹೆಸರು. ನಾನು ಮೂರು ವಾರದಿಂದ ಇದರ ಬಗ್ಗೆ ಓದಿ ಓದಿ ಮನೇಲಿ ಎಲ್ಲರ ತಲೆ ತಿಂದಿದ್ದೆ. ಮ್ಯೂನಿಕ್ಕಿಂದ ರೈಲು ಬದಲಾಯಿಸ್ಕೊಂಡು ಬಂದು ಇಳಿದು ನೋಡಿದ್ರೆ ಎದುರಿಗೆ ಇದ್ದಿದ್ದು ಕಂದು ಕಲ್ಲಿನ ಒಂದು ಬೋಳು ಗೋಡೆ.

ಅಮ್ಮ ಕನ್ನಡಕ ಏರಿಸ್ಕೊಂಡು ನೋಡಿದ್ಲು. "ಇದಕ್ಕೇನೋ ಇಷ್ಟು ದೂರ ಕರ್ಕೊಂಡು ಬಂದಿದ್ದು? ಹಳೇ ಜೈಲು ಇದ್ದಂಗಿದೆ."

ಅಮ್ಮಾ ಅದು ಹಿಂಭಾಗ, ಸ್ಟೇಷನ್ ಕಡೆ ಬೆನ್ನು ಹಾಕಿದೆ, ಮುಂದಕ್ಕೆ ಬಾ ಅಂತ ಸುತ್ತು ಹಾಕಿಸಿ ಕರ್ಕೊಂಡು ಹೋದೆ. ಮುಂದೆ ಹೋದ್ಮೇಲೆ ಮಾತ್ರ ಮೂವರೂ ಸುಮ್ನಾದ್ವಿ. ಬಿಳಿ ಅಮೃತಶಿಲೆ ಮೇಲೆ ಕಡು ಹಸಿರು ಕಲ್ಲಿನ ಪಟ್ಟಿ, ಚೌಕ, ಚಕ್ರ, ಎಲ್ಲ ಅಳತೆ ಹಿಡಿದು ಬಿಡಿಸಿದ ರಂಗೋಲಿ ತರ. ಕೆಳಗಿನ ಭಾಗ ಹಳೇದು, ಮೇಲಿನದನ್ನ ಆಲ್ಬರ್ಟಿ ಅನ್ನೋನು ಅದಕ್ಕೆ ಹೊಂದಿಸಿ ಮುಗಿಸಿಕೊಟ್ಟ, ಎರಡೂ ಪಕ್ಕದ ಮಾಡು ಕಾಣಬಾರದು ಅಂತ ದೊಡ್ಡ ಸುರುಳಿ ಇಟ್ಟ. ಅದರ ಮೇಲೆ ದೊಡ್ಡ ದೊಡ್ಡ ಅಕ್ಷರದಲ್ಲಿ ಲ್ಯಾಟಿನ್‌ನಲ್ಲಿ ಏನೋ ಬರೆದಿದೆ. ಏನದು ಅಂತ ಹೆಂಡತಿ ಕೇಳಿದ್ಲು. ಏನೋ ದೇವರ ವಾಕ್ಯ ಇರಬೇಕು ಅಂತ ಅವಳೇ ಅಂದ್ಕೊಂಡಿದ್ಲು. ಅದು ದುಡ್ಡು ಕೊಟ್ಟೋನ ಹೆಸರು, ಜೊವಾನ್ನಿ ರುಚೆಲ್ಲಾಯ್, ಪಕ್ಕದಲ್ಲಿ 1470ನೇ ಇಸವಿ.

"ಓ, ಟ್ಯೂಬ್‌ಲೈಟ್ ಸೇವೆ" ಅಂದ್ಲು ಅಮ್ಮ.

ನಮ್ಮ ಬಡಾವಣೆ ದೇವಸ್ಥಾನದಲ್ಲಿ ಟ್ಯೂಬ್‌ಲೈಟ್ ದಾನ ಕೊಟ್ಟೋರ ಹೆಸರು ಎಷ್ಟು ದಪ್ಪಕ್ಕೆ ಬರೆದಿರ್ತಾರೆ ಅಂದ್ರೆ ಬೆಳಕಿಗಿಂತ ಹೆಸರೇ ಜಾಸ್ತಿ ಬೀಳುತ್ತೆ. ಆಲ್ಬರ್ಟಿ ಬಗ್ಗೆ ನಾನು ಓದಿದ್ದೆಲ್ಲ ಆ ಒಂದು ಮಾತಲ್ಲಿ ಮುಗೀತು. ಅಲ್ಲಿಂದ ಮುಂದೆ ಇಡೀ ದಿನ ಅಮ್ಮ ಚರ್ಚಲ್ಲಿ ಹುಡುಕಿದ್ದು ಸೇವಾಕರ್ತರನ್ನೇ.

ಮುಂಭಾಗದ ಗೋಡೇಲಿ ಗಡಿಯಾರದ ತರದ ಎರಡು ಉಪಕರಣ ಬೇರೆ ಇದೆ, ಒಂದು ಬಳೆ ಬಳೆ ಸೇರಿಸಿದ ಹಾಗೆ, ಇನ್ನೊಂದು ಚಕ್ರದ ಕಾಲು ಭಾಗದ ಹಾಗಿರೋ ಕಲ್ಲು. ಇದೇ ಮಠದ ಸನ್ಯಾಸಿ ಇನ್ಯಾಟ್ಸಿಯೊ ದಾಂತಿ 1570ರ ದಶಕದಲ್ಲಿ ಹಾಕಿಸಿದ್ದು. ಅದರಲ್ಲಿ ನೆರಳು ನೋಡಿ ನೋಡಿ ಕ್ಯಾಲೆಂಡರ್ ಹತ್ತು ದಿನ ತಪ್ಪಿದೆ ಅಂತ ತೋರಿಸ್ದ, ಆಮೇಲೆ ರೋಮಿನಲ್ಲಿ ಕ್ಯಾಲೆಂಡರ್ ಸರಿ ಮಾಡಿದೋರಲ್ಲಿ ಅವನೂ ಒಬ್ಬ, 1582ರಲ್ಲಿ ಅಕ್ಟೋಬರ್ 4 ಆದ ಮಾರನೇ ದಿನವೇ 15 ಅಂತ ಘೋಷಿಸಿಬಿಟ್ರು. ಇದನ್ನ ನಾನು ಬಹಳ ಹುಮ್ಮಸ್ಸಿಂದ ಹೇಳಿದೆ. ಅಮ್ಮ ಗಾಬರಿಯಾದ್ಲು.

"ಮಧ್ಯದ ಹತ್ತು ದಿನದಲ್ಲಿ ಯಾರಾದ್ರೂ ಹಿರಿಯರ ತಿಥಿ ಇದ್ರೆ ಏನ್ ಮಾಡಿದ್ರಂತೆ?"

ಯಾವ ಪುಸ್ತಕದಲ್ಲೂ ಇದಕ್ಕೆ ಉತ್ತರ ಇರಲಿಲ್ಲ. (ನಮ್ಮ ಸಂಕ್ರಾಂತಿನೂ ನಿಜವಾದ ಉತ್ತರಾಯಣಕ್ಕಿಂತ ಮೂರು ವಾರ ತಡ ಆಗಿ ಬರುತ್ತೆ ಅಂತ ನಾಲಿಗೆ ತುದೀಲಿತ್ತು, ಆದ್ರೆ ಎಳ್ಳು ಬೀರೋ ವಿಷಯದಲ್ಲಿ ಅಮ್ಮನ ಹತ್ರ ತಮಾಷೆ ಮಾಡೋ ಧೈರ್ಯ ನಂಗಿಲ್ಲ.)

ಈಗ ನನ್ನ ಚಡ್ಡಿ ವಿಷಯಕ್ಕೆ ಬರ್ತೀನಿ. ಜೂನ್ ತಿಂಗಳು, ಬಿಸಿಲು ಅಂದ್ರೆ ರಾಯಚೂರು ನೆನಪಾಗೋ ಬಿಸಿಲು, ಅದಕ್ಕೆ ನಾನು ಮಂಡಿ ಮೇಲೆ ನಿಲ್ಲೋ ಬರ್ಮುಡಾ ಹಾಕ್ಕೊಂಡು ಬಂದಿದ್ದೆ. ಬೆಳಗ್ಗೆ ಹೆಂಡತಿ "ರೀ, ಪ್ಯಾಂಟ್ ಹಾಕ್ಕೊಳ್ರೀ, ಚರ್ಚು" ಅಂದಿದ್ಲು, ನಾನು "ಯುರೋಪಲ್ಲಿ ಯಾರ್ ಕೇಳ್ತಾರೆ" ಅಂದಿದ್ದೆ. ಟಿಕೆಟ್ ತಗೊಂಡು ಬಾಗಿಲಿಗೆ ಹೋದ್ರೆ ಅಲ್ಲಿದ್ದ ಹೆಂಗಸು ನನ್ನ ಮುಖ ನೋಡ್ಲೇ ಇಲ್ಲ, ನೇರ ಮಂಡಿ ನೋಡಿ ತಲೆ ಅಲ್ಲಾಡಿಸಿದ್ರು. ಹೆಗಲು, ಮಂಡಿ ಮುಚ್ಚಿರಬೇಕಂತೆ. ಉಡುಪೀಲಿ ಅಂಗಿ ಬಿಚ್ಚು ಅಂತಾರೆ, ಇಲ್ಲಿ ಮುಚ್ಚು ಅಂತಾರೆ, ದೇವರ ಎದುರು ನಾನು ಯಾವತ್ತೂ ಸರಿಯಾದ ಬಟ್ಟೇಲಿ ಹೋಗಿಲ್ಲ.

ಕೊನೆಗೆ ಹೆಂಡತಿ ಒಂದು ಮಾತೂ ಆಡದೆ ಅವಳ ದುಪ್ಪಟ್ಟಾ ತೆಗೆದು ಕೊಟ್ಲು, ಆ ಮೌನಕ್ಕೆ ನಾನು ಇನ್ನೂ ಬಡ್ಡಿ ಕಟ್ತಾ ಇದೀನಿ. ಗಿಳಿ ಹಸಿರು, ಅಂಚಲ್ಲಿ ಚಿಕ್ಕ ಚಿಕ್ಕ ಕನ್ನಡಿ. ಅದನ್ನ ಪಂಚೆ ತರ ಉಟ್ಕೊಂಡು ಒಳಗೆ ಹೊರಟೆ. ಆ ಹೆಂಗಸಿಗೆ ಪೂರ್ತಿ ಸಮಾಧಾನ ಆಯ್ತು, ಬಾಗಿಲು ತೆರೆದು ದಾರಿ ಬಿಟ್ರು.

ಅಷ್ಟರಲ್ಲಿ ಹಿಂದೆ ತಿರುಗಿ ನೋಡಿದ್ರೆ ಅಮ್ಮ ಚಪ್ಪಲಿ ಬಿಟ್ಟಾಗಿದೆ. ಬಾಗಿಲ ಪಕ್ಕದಲ್ಲಿ ಗೋಡೆಗೆ ಒತ್ತಿ, ಎರಡನ್ನೂ ಜೋಡಿಸಿ ಇಟ್ಟು, ಬರಿಗಾಲಲ್ಲಿ ನಿಂತಿದಾಳೆ. ಅಮ್ಮಾ ಇಲ್ಲಿ ಬಿಡೋ ಪದ್ಧತಿ ಇಲ್ಲ ಅಂದೆ. "ಅವರ ಪದ್ಧತಿ ಅವರಿಗೆ. ದೇವಸ್ಥಾನ ತಾನೇ?" ಅಂದ್ಲು. ಟಿಕೆಟ್ ಹೆಂಗಸು ಏನೋ ಕೇಳಿದ್ರು ಇಟಾಲಿಯನ್ನಲ್ಲಿ, ನನ್ನ ಮಂಡಿ ಬಗ್ಗೆ ಅವರಿಗೆ ನಿಯಮ ಇತ್ತು, ಅಮ್ಮನ ಪಾದದ ಬಗ್ಗೆ ಇರಲಿಲ್ಲ, ಬಿಟ್ಟುಬಿಟ್ರು.

ಒಳಗೆ ತಂಪು. ನಡುವಲ್ಲಿ ಜೊತ್ತೋ ಬರೆದ ಶಿಲುಬೆ ಮೇಲಿಂದ ತೂಗು ಹಾಕಿದಾರೆ, ಐದು ಮೀಟರಿಗೂ ಹೆಚ್ಚು ಎತ್ತರ. ಎಡಗಡೆ ಗೋಡೇಲಿ ನಾನು ಯಾವುದಕ್ಕೋಸ್ಕರ ಬಂದಿದ್ನೋ ಅದು ಇತ್ತು, ಮಸಾಚ್ಚೊ ಬರೆದ ತ್ರಿತ್ವದ, ಅಂದ್ರೆ ತಂದೆ, ಮಗ, ಪವಿತ್ರಾತ್ಮ ಮೂವರ, ಭಿತ್ತಿಚಿತ್ರ. ಅವನ ನಿಜವಾದ ಹೆಸರು ತೊಮ್ಮಾಸೊ, ಬಟ್ಟೆ ಬರೆ ದುಡ್ಡು ಯಾವುದರ ಮೇಲೂ ಗ್ಯಾನ ಇಲ್ಲದೋನು ಅಂತ ಜನ ಮಸಾಚ್ಚೊ ಅಂದ್ರು, ಅಂದ್ರೆ ಹೆಚ್ಚೂ ಕಮ್ಮಿ ಅಸ್ತವ್ಯಸ್ತ ತೋಮಣ್ಣ. (ಇಲ್ಲಿ ಹೆಂಡತಿ ನನ್ನ ದುಪ್ಪಟ್ಟಾ ನೋಡಿದ್ಲು.) 1428ರಲ್ಲಿ ಸತ್ತಾಗ ಅವನಿಗೆ 26 ವರ್ಷ, ಅಷ್ಟರೊಳಗೆ ಇದನ್ನ ಬರೆದಿಟ್ಟು ಹೋಗಿದಾನೆ. ಸಪಾಟು ಗೋಡೆ, ಆದ್ರೆ ನಿಂತು ನೋಡಿದ್ರೆ ಅದನ್ನ ಕೊರೆದು ಹಿಂದೆ ಕಮಾನಿನ ಚಾವಣಿ ಇರೋ ಒಂದು ಕೋಣೆ ಕಟ್ಟಿದಾರೆ ಅನ್ಸುತ್ತೆ. ನಾನು ಪಕ್ಕಕ್ಕೆ ಹೋಗಿ ಓರೆಯಾಗಿ ಕೂಡ ನೋಡಿದೆ, ಒಳಗೆ ಜಾಗ ಇಲ್ಲ ಅಂತ ಖಾತ್ರಿ ಮಾಡ್ಕೊಳ್ಳಕ್ಕೆ. ಇದನ್ನ ಬಾಯ್ತುಂಬಾ ಹೊಗಳಿ ಬರೆದ ವಸಾರಿ ಅನ್ನೋ ಮಹಾಶಯ 1570ರ ಸುಮಾರಿಗೆ ಚರ್ಚು ರಿಪೇರಿ ಮಾಡಿಸೋವಾಗ ಇದರ ಮುಂದೇನೇ ಒಂದು ಪೀಠ ಕಟ್ಟಿಸಿ ತನ್ನದೇ ಚಿತ್ರ ನಿಲ್ಲಿಸಿಬಿಟ್ಟ. ಹೊಗಳಿದ್ದೂ ಅವನೇ, ಮುಚ್ಚಿದ್ದೂ ಅವನೇ. ಆದ್ರೆ ಒಡೆದು ಹಾಕಲಿಲ್ಲ, 1860ರಲ್ಲಿ ಪೀಠ ತೆಗೆದಾಗ ಹಿಂದೆ ಹಾಗೇ ಇತ್ತು.

ಅಮ್ಮ ನೋಡಿದ್ದು ಕೆಳಗೆ ಮಂಡಿಯೂರಿ ಕೂತ ಗಂಡ ಹೆಂಡತೀನ. "ಇವರೇ ತಾನೇ ದುಡ್ಡು ಕೊಟ್ಟಿದ್ದು?" ಹೌದಂತೆ ಅಂದೆ. "ಮತ್ತೆ? ಜೋಡೀಲಿ ಸಂಕಲ್ಪಕ್ಕೆ ಕೂತಿದಾರೆ ನೋಡು."

ಅದರ ಕೆಳಗೆ ಒಂದು ಅಸ್ಥಿಪಂಜರ ಮಲಗಿದೆ, ಮೇಲೆ ಒಂದು ಬರಹ. ನಾನು ದನಿ ಗಂಭೀರ ಮಾಡ್ಕೊಂಡು ಕನ್ನಡಕ್ಕೆ ತಿರುಗಿಸಿ ಹೇಳಿದೆ, ನೀವು ಈಗ ಹೇಗಿದೀರೋ ನಾನೂ ಒಂದು ಕಾಲದಲ್ಲಿ ಹಾಗೇ ಇದ್ದೆ, ನಾನು ಈಗ ಹೇಗಿದೀನೋ ನೀವೂ ಒಂದು ದಿನ ಹಾಗೇ ಆಗ್ತೀರ.

ಅಮ್ಮ ತಲೆ ಆಡಿಸಿದ್ಲು. "ನಮ್ಮತ್ತೆ ದಿನಾ ಇದನ್ನೇ ಹೇಳ್ತಿದ್ರು."

ಹೆಂಡತಿಗೆ ನಗು ತಡೆಯಕ್ಕಾಗದೆ ಕಂಬದ ಹಿಂದೆ ಹೋದ್ಲು.

ಆಮೇಲೆ ಮುಖ್ಯ ಪೀಠದ ಹಿಂದಿನ ಗೋಡೆಗಳು. ಗಿರ್ಲಾಂದಾಯೊ ಅನ್ನೋನು 1485ರಿಂದ 1490ರವರೆಗೆ ತನ್ನ ಅಂಗಡಿ ಹುಡುಗರನ್ನೆಲ್ಲ ಕಟ್ಕೊಂಡು ಬರೆದಿದ್ದು, ಒಂದು ಪಕ್ಕ ಮೇರಿ ಕಥೆ, ಇನ್ನೊಂದು ಪಕ್ಕ ಯೇಸುಗೆ ದೀಕ್ಷಾಸ್ನಾನ ಮಾಡಿಸ್ದ ಜಾನ್ ಕಥೆ. ಮೈಕೆಲಾಂಜೆಲೊನೂ ಹುಡುಗನಾಗಿದ್ದಾಗ ಅವನ ಹತ್ರ ಕೆಲಸಕ್ಕೆ ಸೇರಿದ್ದ. ನಾನು ಆಡಿಯೊ ಗೈಡ್ ಬಾಡಿಗೆಗೆ ತಗೊಂಡಿದ್ದೆ, ಅದನ್ನ ಕಿವಿಗೆ ಹಿಡ್ಕೊಂಡು ಕೇಳಿ ಕೇಳಿ ಕನ್ನಡದಲ್ಲಿ ಹೇಳ್ತಾ ಹೋದೆ, ಇದು ಜಾನ್ ಹುಟ್ಟಿದ್ದು, ಬಾಣಂತಿ ಎಲಿಜಬೆತ್, ನೋಡಿ ಆಳು ತಲೆ ಮೇಲೆ ಹಣ್ಣಿನ ಬುಟ್ಟಿ ಹೊತ್ಕೊಂಡು ಬರ್ತಿದಾಳೆ, ಒಬ್ಬಳು ಮಗೂಗೆ ಹಾಲು ಕುಡಿಸ್ತಿದಾಳೆ ಅಂತ.

"ಎಲ್ಲಿ ಬುಟ್ಟಿ?" ಅಂದ್ಲು ಅಮ್ಮ. "ಯಾರೂ ಏನೂ ತಂದಿಲ್ಲ. ಇಷ್ಟು ಜರತಾರಿ ಉಟ್ಕೊಂಡು ಐದು ಜನ ಬಂದಿದಾರೆ, ಬಾಣಂತಿ ನೋಡಕ್ಕೆ ಬರಿಗೈಲಿ ಬರ್ತಾರೇನೋ? ಮಗೂಗೆ ಹಾಲೂ ಕುಡಿಸ್ತಿಲ್ಲ, ನೀರು ಹುಯ್ಯಕ್ಕೆ ರೆಡಿ ಮಾಡ್ತಿದಾರೆ."

ನಂಬರ್ ಒತ್ತಿದ್ದು ತಪ್ಪಾಗಿತ್ತು. ಹತ್ತು ನಿಮಿಷದಿಂದ ನಾನು ಬಲಗಡೆ ಗೋಡೆ ಕಥೆನ ಎಡಗಡೆ ಗೋಡೆಗೆ ಹೇಳ್ತಿದ್ದೆ. ಅದು ಮೇರಿ ಹುಟ್ಟಿದ್ದು. ಆ ಜರತಾರಿಯವರು ದುಡ್ಡು ಕೊಟ್ಟ ತೊರ್ನಾಬುವೊನಿ ಮನೇವರು, ಮುಂದೆ ನಿಂತೋಳು ಅವರ ಮಗಳು ಲುದೊವಿಕಾ, ಅದಕ್ಕೇ ಬಾಣಂತಿ ಕಡೆಗಿಂತ ಅವರ ಕಡೆಗೇ ಎಲ್ಲರ ಕಣ್ಣು. ಬಲಗಡೆ ತಿರುಗಿದ್ರೆ ಬುಟ್ಟಿ ಹೊತ್ತೋಳು ಸೆರಗು ಹಾರಿಸ್ಕೊಂಡು ಬರ್ತಾ ಇದ್ಲು. "ಇವಳು ನೋಡು ಮನುಷ್ಯಳು" ಅಂದ್ಲು ಅಮ್ಮ. ಆಡಿಯೊ ಗೈಡನ್ನ ಹೆಂಡತಿ ನನ್ನ ಕೈಯಿಂದ ಇಸ್ಕೊಂಡ್ಲು.

ಆದ್ರೂ ನನ್ನ ಹತ್ರ ಇನ್ನೊಂದು ಕಥೆ ಇತ್ತು, ಅದನ್ನ ಬಿಡೋ ಹಾಗಿರಲಿಲ್ಲ. ಪಕ್ಕದ ಗೊಂದಿ ಚಾಪೆಲ್‌ನಲ್ಲಿ ಬ್ರುನೆಲ್ಲೆಸ್ಕಿ ಕೆತ್ತಿದ ಮರದ ಯೇಸು ಇದೆ. ಅವನ ಗೆಳೆಯ ದೊನಾತೆಲ್ಲೊ ಮೊದಲು ಒಂದು ಮಾಡಿದ್ದ, ಹೇಗಿದೆ ಅಂತ ಕೇಳಿದ್ದಕ್ಕೆ ಬ್ರುನೆಲ್ಲೆಸ್ಕಿ ಶಿಲುಬೆ ಮೇಲೆ ರೈತನ್ನ ಏರಿಸಿದೀಯ ಅಂದ. ಹಾಗಾದ್ರೆ ಮರ ತಗೊಂಡು ನೀನೇ ಮಾಡು ಅಂದ ದೊನಾತೆಲ್ಲೊ. ಇವನು ಗುಟ್ಟಾಗಿ ಕೆತ್ತಿ ಮುಗಿಸಿ, ಒಂದಿನ ಊಟಕ್ಕೆ ಕರೆದು, ದಾರೀಲಿ ಮೊಟ್ಟೆ ಗಿಣ್ಣು ಎಲ್ಲ ಕೊಂಡು ಅವನ ಕೈಗೆ ಕೊಟ್ಟು ನೀನು ಮುಂದೆ ನಡಿ ಅಂದ. ದೊನಾತೆಲ್ಲೊ ಅದನ್ನೆಲ್ಲ ಮುಂಗಟ್ಟಿನ ಬಟ್ಟೇಲಿ ಹಿಡ್ಕೊಂಡು ಒಳಗೆ ಬಂದು, ಈ ಯೇಸುನ ನೋಡಿ, ಮೈ ಮರೆತು, ಎರಡೂ ಕೈ ಹೀಗೆ...

ಹೀಗೆ ಅಂತ ನಾನು ಎರಡೂ ಕೈ ಅಗಲಿಸಿ ತೋರಿಸಿದೆ. ಮೊಣಕೈಗೆ ನೇತು ಹಾಕ್ಕೊಂಡಿದ್ದ ಸೀರೆ ಅಂಗಡಿ ಚೀಲ ಜಾರಿತು. ಅದರೊಳಗೆ ಅಮ್ಮನ ಮೂರು ಅಂತಸ್ತಿನ ಸ್ಟೀಲ್ ಡಬ್ಬ.

ಏಳು ನೂರು ವರ್ಷದ ಕಲ್ಲಿನ ಚರ್ಚಲ್ಲಿ ಸ್ಟೀಲ್ ಡಬ್ಬ ಬಿದ್ರೆ ಎಂಥ ಸದ್ದು ಬರುತ್ತೆ ಅಂತ ಬರವಣಿಗೇಲಿ ಹೇಳಕ್ಕಾಗಲ್ಲ. ಠಣ್ ಅಂತ ಒಂದು ಸಲ ಅಲ್ಲ, ಆ ಚಾವಣಿ ಅದನ್ನ ತಿರುಗಿ ತಿರುಗಿ ವಾಪಸ್ ಕೊಡುತ್ತೆ. ಮುಚ್ಚಳ ಒಂದೇ ಅಂಚಲ್ಲಿ ಉರುಳ್ಕೊಂಡು ಜಪಾನಿ ಟೂರಿಸ್ಟ್ ಗುಂಪಿನ ನಡುವಿಂದ ಹಾದು, ಸುತ್ತಿ ಸುತ್ತಿ, ಇನ್ನೇನು ನಿಂತಿತು ಅನ್ನೋವಾಗ ಮತ್ತೆ ಗಿರ್ರ್ ಅಂತು. ಯಾರೋ ಶ್ಶ್ ಅಂದ್ರು, ಮುಚ್ಚಳಕ್ಕೆ. ಗೊಜ್ಜವಲಕ್ಕಿ ಅರ್ಧ ಡಬ್ಬದಲ್ಲಿ, ಅರ್ಧ ನೆಲದ ಮೇಲೆ, ಕಡ್ಲೆಬೀಜ ಎಲ್ಲ ಕಡೆ.

ಕಾವಲಿನೋರು ಓಡಿ ಬಂದ್ರು. ಕನ್ನಡಿ ದುಪ್ಪಟ್ಟಾ ಉಟ್ಟ ಗಂಡಸು, ಬರಿಗಾಲ ಅಜ್ಜಿ, ನೆಲದ ಮೇಲೆ ಅವಲಕ್ಕಿ, ಇದೇನೋ ಪೂಜೆ ಅಂತ ಅಂದ್ಕೊಂಡ್ರೋ ಏನೋ, ಬೈಯ್ಯಲೂ ಇಲ್ಲ, ಹಾಗೇ ನಿಂತ್ರು. ಅಮ್ಮ ಆಗಲೇ ಕೂತು ಟಿಶ್ಯೂಲಿ ಬಳೀತಿದ್ಲು. "ಹುಣಸೆ ಹುಳಿ ಕಣೋ, ಬೇಗ ಒರೆಸು, ಹುಳಿ ಬಿದ್ರೆ ಕಲ್ಲು ಕರೆ ಹಿಡಿಯುತ್ತೆ" ಅಂತ ಅವಳ ಒಂದೇ ಚಿಂತೆ. ಕೊನೆಗೆ ಅವರೇ ಪೊರಕೆ ಮೊರ ತಂದ್ರು, ಅಮ್ಮ ಅದನ್ನೂ ಅವರ ಕೈಯಿಂದ ಕಿತ್ಕೊಂಡು ಗುಡಿಸಿದ್ಲು, ಗುಡಿಸಿದ ಮೇಲೆ ಆ ನೆಲ ನಮ್ಮ ಕಣ್ಣಿಗಂತೂ ಮುಂಚಿಗಿಂತ ಚೊಕ್ಕಟವಾಗಿತ್ತು.

"ಆಮೇಲೆ ಏನಾಯ್ತು?" ಅಂತ ಅಮ್ಮ ಕೇಳಿದ್ದು ಎಲ್ಲ ಮುಗಿದ ಮೇಲೆ. ಯಾವುದು? "ಮೊಟ್ಟೆ ಬೀಳಿಸ್ದೋನು." ಬ್ರುನೆಲ್ಲೆಸ್ಕಿ ನಕ್ಕು ಈಗ ಊಟಕ್ಕೆ ಏನ್ ಮಾಡೋದು ಅಂದ, ದೊನಾತೆಲ್ಲೊ ನನ್ನ ಪಾಲು ನಂಗೆ ಸಿಕ್ತು, ಯೇಸುನ ಮಾಡೋದು ನಿನ್ನ ಕೆಲಸ, ರೈತರನ್ನ ಮಾಡೋದು ನನ್ನ ಕೆಲಸ ಅಂದ, ಅಂತ ಹೇಳಿದೆ. ಕೈ ಜೇಬಲ್ಲಿಟ್ಕೊಂಡು ಹೇಳಿದೆ.

ಅಲ್ಲಿಂದ ಪಕ್ಕದ ಮಠದ ಅಂಗಳ, ಸ್ಪ್ಯಾನಿಷ್ ಚಾಪೆಲ್ ಎಲ್ಲ ಸ್ವಲ್ಪ ಅವಸರದಲ್ಲೇ ನೋಡಿದ್ವಿ, ಮುಖ ಎತ್ಕೊಂಡು ಓಡಾಡಕ್ಕೆ ಸಂಕೋಚ. ಆದ್ರೂ ಒಂದು ಹೇಳ್ಲೇಬೇಕು, ಅಲ್ಲಿ 1360ರ ದಶಕದಲ್ಲಿ ಬರೆದ ಒಂದು ಗೋಡೇಲಿ ಊರಿನ ದೊಡ್ಡ ಕೆಥೆಡ್ರಲ್ ಗುಮ್ಮಟ ಸಮೇತ ಪೂರ್ತಿ ಆಗಿ ನಿಂತಿದೆ, ನಿಜವಾದ ಗುಮ್ಮಟದ ಕೆಲಸ ಶುರು ಆಗಿದ್ದೇ 1420ರಲ್ಲಿ. "ಬಿಲ್ಡರ್ ಬ್ರೋಷರ್" ಅಂದ್ಲು ಹೆಂಡತಿ. ನಮ್ಮ ಬೆಂಗಳೂರಿನ ಫ್ಲ್ಯಾಟಿನ ಬ್ರೋಷರಲ್ಲಿರೋ ಈಜುಕೊಳ ಇನ್ನೂ ಬಂದಿಲ್ಲ, ಹಾಗಾಗಿ ಫ್ಲಾರೆನ್ಸಿನೋರ ಮೇಲೆ ನನಗೆ ಗೌರವ ಜಾಸ್ತಿ ಆಯ್ತು.

ಹೊರಗೆ ಬಂದ್ರೆ ಅದು ಸ್ಟೇಷನ್ ಕಡೆ ಬಾಗಿಲು. ಮತ್ತೆ ಅದೇ ಜೈಲು ಗೋಡೆ. ಚಪ್ಪಲಿ ಆ ಕಡೆ. ಕಲ್ಲು ಹಾಸು ಹಂಚಿನ ಥರ ಕಾದಿತ್ತು, ಅಮ್ಮನ್ನ ನೆರಳಲ್ಲಿ ಕೂರಿಸಿ ನಾನು ಸುತ್ತು ಹಾಕ್ಕೊಂಡು ಓಡಿದೆ, ಮುಂದಿನ ಚೌಕದಲ್ಲಿ ಕಂಚಿನ ಆಮೆಗಳ ಮೇಲೆ ನಿಲ್ಲಿಸಿರೋ ಎರಡು ಕಲ್ಲಿನ ಕಂಬ ಇವೆ, ಹಿಂದೆ ರಥದ ರೇಸಲ್ಲಿ ಅವನ್ನೇ ಸುತ್ತು ಹೊಡೀತಿದ್ರಂತೆ, ನಾನೂ ಹೆಚ್ಚೂ ಕಮ್ಮಿ ಅದೇ ವೇಗದಲ್ಲಿ ಸುತ್ತಿದೆ. ಟಿಕೆಟ್ ಹೆಂಗಸು ನನ್ನ ನೋಡಿದ್ದೇ ಒಂದು ಮಾತೂ ಕೇಳದೆ ಮೇಜಿನ ಕೆಳಗಿಂದ ಒಂದು ಕಾಗದದ ಚೀಲ ತೆಗೆದು ಕೊಟ್ರು. ಒಳಗೆ ಎರಡೂ ಚಪ್ಪಲಿ, ಜೋಡಿಸಿ ಇಟ್ಟಿದ್ರು.

ರಾತ್ರಿ ರೂಮಿಗೆ ಬಂದು ಅಮ್ಮ ಮೈಸೂರಿಗೆ ಚಿಕ್ಕಮ್ಮಂಗೆ ಫೋನ್ ಮಾಡಿದ್ಲು. ನಾನು ಮಲಗಿದ ಹಾಗೆ ಕಣ್ಣು ಮುಚ್ಕೊಂಡು ಕೇಳಿಸ್ಕೊಂಡೆ.

"ಚೆನ್ನಾಗಿತ್ತು ಕಣೇ, ಒಂದು ಬಾಣಂತಿ ಚಿತ್ರ ಇದೆ, ಅದೊಂದೇ ನೋಡಕ್ಕಾದ್ರೂ ಬರಬೇಕು... ಹೂಂ, ದೊಡ್ಡ ಮನೆತನದೋರೇ, ಬರಿಗೈಲಿ ಬಂದಿದ್ರು... ಇವನಾ? ಇವನು ಸೊಸೆ ದುಪ್ಪಟ್ಟಾ ಉಟ್ಕೊಂಡು ಡಬ್ಬ ಬೀಳಿಸ್ದ... ಇಲ್ಲ ಇಲ್ಲ, ಚಪ್ಲಿ ಸಿಕ್ತು, ಒಳ್ಳೆ ಜನ."