ಟ್ಯಾಲಿ ನಡೆಯಲ್ಲ, ಸುಮ್ನೆ ಕೇಳಬೇಡಿ

ಹೋದ ತಿಂಗಳು ಒಂದು ಚಾರ್ಜರ್ ಹುಡುಕಿಕೊಂಡು ಬುಧವಾರ ಪೇಟೆಯ ತಾಪಕೀರ್ ಗಲ್ಲಿಗೆ ಹೋಗಿದ್ದೆ. ಎಲೆಕ್ಟ್ರಾನಿಕ್ಸ್ ಸಾಮಾನಿನ ಪೇಟೆ ಅದು, ಬೆಂಗಳೂರಿನವರಿಗೆ ಅರ್ಥವಾಗುವಂತೆ ಹೇಳಬೇಕೆಂದರೆ ಪುಣೆಯ ಎಸ್.ಪಿ. ರೋಡು. ಅಲ್ಲೊಂದು ಹಳೇ ಲ್ಯಾಪ್‌ಟಾಪ್ ಅಂಗಡಿ, ಗಾಜಿನ ಮೇಲೆ ಕೈಬರಹದ ಪಾಟಿ, ಅಂದರೆ ಬೋರ್ಡು. ಪುಣೆಯ ಪಾಟಿಗಳ ಕತೆ ಗೊತ್ತಲ್ಲ, ಬೆಲ್ ಒಂದೇ ಸಲ ಒತ್ತಿ, ವಿಳಾಸ ಕೇಳಬೇಡಿ, ಒಂದರಿಂದ ನಾಲ್ಕು ಅಂಗಡಿ ಬಂದ್, ಬಂದರೆ ನಿಮ್ಮದೇ ತಪ್ಪು. ಹನ್ನೊಂದು ವರ್ಷದಿಂದ ಇಲ್ಲಿದ್ದೇನೆ, ಇಂಥ ಪಾಟಿ ಓದಿದಾಗಲೆಲ್ಲ ಒಂದು ಸಲ ಹಲ್ಲು ಕಡಿಯುತ್ತೇನೆ. ಇದನ್ನು ಓದಿ ಮಾತ್ರ ನಿಂತುಬಿಟ್ಟೆ. "ವಿಂಡೋಸ್ ನಾಹೀ. ವೈರಸ್ ನಾಹೀ. ಟ್ಯಾಲಿ ಚಾಲತ್ ನಾಹೀ. ಉಗಾಚ್ ವಿಚಾರೂ ನಯೇ."

ವಿಂಡೋಸ್ ಇಲ್ಲ, ವೈರಸ್ ಇಲ್ಲ, ಅಂಗಡಿಯವರು ಲೆಕ್ಕ ಬರೆಯುವ ತಂತ್ರಾಂಶ ಟ್ಯಾಲಿ ನಡೆಯಲ್ಲ. ಕೊನೆಯದರ ಅರ್ಥ, ಸುಮ್ಸುಮ್ನೆ ಕೇಳಬೇಡಿ.

ಲಿನಕ್ಸ್ ಅಂದರೆ ವಿಂಡೋಸಿನ ಬದಲಿಗೆ ಕಂಪ್ಯೂಟರ್ ನಡೆಸುವ ಬಿಟ್ಟಿ ವ್ಯವಸ್ಥೆ. ಅದನ್ನು ಮಾರುವುದಕ್ಕೆ ಇಷ್ಟು ಒಳ್ಳೆಯ ಜಾಹೀರಾತನ್ನು ನಾನು ಇಪ್ಪತ್ತು ವರ್ಷದಲ್ಲಿ ನೋಡಿರಲಿಲ್ಲ. ಅದರಲ್ಲಿ ಲಿನಕ್ಸ್ ಎಂಬ ಶಬ್ದವೇ ಇಲ್ಲ ಅನ್ನುವುದು ಆಮೇಲೆ ಹೊಳೆಯಿತು.

ಒಳಗೆ ಹೋದೆ. ಅರವತ್ತರ ಆಸುಪಾಸಿನ ಕಾಕಾ, ಕನ್ನಡಕ ಹಣೆಯ ಮೇಲೆ. ಮುಂದೆ ಹಳೇ ಲ್ಯಾಪ್‌ಟಾಪ್‌ಗಳ ರಾಶಿ. ಇವೆಲ್ಲ ಎಲ್ಲಿಂದ ಬರುತ್ತವೆ ಅಂತ ಕೇಳಬೇಕಿಲ್ಲ, ಹಿಂಜೇವಾಡಿಯ ಐಟಿ ಕಂಪನಿಗಳು ಕಳಚಿ ಹಾಕಿದ್ದು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಇನ್ನು ಬೆಂಬಲ ಇಲ್ಲ ಅಂತ ಮೈಕ್ರೋಸಾಫ್ಟ್ ಕೈ ಎತ್ತಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಅನ್ನುವ ಭದ್ರತೆಯ ಚಿಪ್ಪು ಬೇಕು, ಪ್ರೊಸೆಸರ್ ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೇ ಜನರೇಶನ್ ಆಗಿರಬೇಕು. ಆರು, ಏಳನೇ ಜನರೇಶನ್ನಿನ ಗಟ್ಟಿಮುಟ್ಟಾದ ಯಂತ್ರಗಳು ಗುಜರಿ ಬೆಲೆಗೆ ಬಂದವು. ಕಾಕಾ ಅದಕ್ಕೆ ಎಂಟು ಜಿಬಿ ರ‍್ಯಾಮ್, ಒಂದು ಎಸ್‌ಎಸ್‌ಡಿ ಹಾಕಿ, ಲಿನಕ್ಸಿನ ಒಂದು ಬಗೆಯಾದ ಲಿನಕ್ಸ್ ಮಿಂಟ್ ತುಂಬಿ ಮಾರುತ್ತಾರೆ. ಅವರ ಬಾಯಲ್ಲಿ ಅದು ಮಿಂಟೂ ಅಲ್ಲ. ಲೋಗೋ ಹಸಿರಲ್ವಾ, "ಹಿರವಾ" ಅನ್ನುತ್ತಾರೆ. ಹಸಿರಿನದು.

ನಾನಿದ್ದಾಗಲೇ ಒಬ್ಬ ಟ್ಯೂಷನ್ ಮ್ಯಾಡಮ್ ಬಂದರು. ಕಾಕಾ ಯಂತ್ರ ತೋರಿಸಲೇ ಇಲ್ಲ. ಮೊದಲು ಕೇಳಿದ್ದು, ಮನೆಯಲ್ಲಿ ಪ್ರಿಂಟರ್ ಯಾವುದು? ಆಕೆ ಫೋನಿನಲ್ಲಿ ಫೋಟೋ ತೋರಿಸಿದರು. ಕಾಕಾ ಡ್ರಾಯರಿನಿಂದ ಒಂದು ಲಾಂಗ್ ನೋಟ್‌ಬುಕ್ ತೆಗೆದರು, ಅದರಲ್ಲಿ ಪ್ರಿಂಟರ್ ಮಾಡೆಲ್‌ಗಳ ಪಟ್ಟಿ, ಎದುರಿಗೆ ಟಿಕ್ ಅಥವಾ ಕಾಟು. ಬೆರಳಿಟ್ಟು ಹುಡುಕಿ, ಪ್ರಿಂಟ್ ಆಗುತ್ತದೆ, ಸ್ಕ್ಯಾನ್ ಸ್ವಲ್ಪ ಕಿರಿಕಿರಿ, ಅಂದರು. ಆಮೇಲೆ, ಟ್ಯಾಲಿ ಬೇಕಾ? ಬೇಡ. ಮಗ ಆ ಗುಂಡು ಹಾರಿಸುವ ಆಟ ಆಡ್ತಾನಾ? ಆಡ್ತಾನೆ, ಅವನಿಗೆ ಇದನ್ನು ಕೊಡಲ್ಲ. ಹಾಗಾದರೆ ಕೂತ್ಕೊಳ್ಳಿ. ಆಗ ಒಂದು ಯಂತ್ರ ತೆರೆದು, ಯೂಟ್ಯೂಬ್, ಮರಾಠಿ ಟೈಪಿಂಗ್, ಪೆನ್‌ಡ್ರೈವ್, ಪಿಡಿಎಫ್, ಎಲ್ಲ ಹತ್ತು ನಿಮಿಷದಲ್ಲಿ ಮುಗಿಸಿದರು. ಆಕೆ ದುಡ್ಡು ಕೊಟ್ಟು ಹೋದರು. ತಾನು ತಗೊಂಡದ್ದು ಒಂದು ಪರ್ಯಾಯ ಕಂಪ್ಯೂಟರ್ ವ್ಯವಸ್ಥೆ ಅಂತ ಆಕೆಗೆ ಇವತ್ತಿಗೂ ಗೊತ್ತಿರಲಿಕ್ಕಿಲ್ಲ.

ನನಗೆ ಸುಮಾರು 2005ರ ಬೆಂಗಳೂರು ನೆನಪಾಯಿತು. ಆಗ ನಾನು ಅಲ್ಲಿ ಇಂಜಿನಿಯರಿಂಗ್ ಓದುತ್ತಿದ್ದೆ. ಉಬುಂಟು ಲಿನಕ್ಸಿನ ಇನ್ನೊಂದು ಬಗೆ, ಅದರವರು ಕೇಳಿದವರಿಗೆಲ್ಲ ಪೋಸ್ಟಿನಲ್ಲಿ ಬಿಟ್ಟಿ ಸಿಡಿ ಕಳಿಸುತ್ತಿದ್ದ ಕಾಲ. ಹಾಸ್ಟೆಲಿನಲ್ಲಿ ಆ ಸಿಡಿ ಇದ್ದವನಿಗೆ ಒಂದು ತೂಕ. ಕಾಲೇಜಿನಲ್ಲಿ ಇನ್‌ಸ್ಟಾಲ್ ಫೆಸ್ಟ್ ಅಂತ ಮಾಡಿದರು, ನಮ್ಮ ನಮ್ಮ ಕಂಪ್ಯೂಟರ್ ಹೊತ್ತುಕೊಂಡು ಬರಬೇಕು, ಅವರು ಲಿನಕ್ಸ್ ಹಾಕಿಕೊಡುತ್ತಾರೆ. ಆಟೋದಲ್ಲಿ ಸಿಪಿಯು ಡಬ್ಬಿಯನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಹೋದೆ. ಮೊದಲ ಒಂದು ಗಂಟೆ ಸ್ವಾತಂತ್ರ್ಯದ ಭಾಷಣ. ಸ್ವತಂತ್ರ ತಂತ್ರಾಂಶದ ಚಳವಳಿ ಶುರುಮಾಡಿದ ಸ್ಟಾಲ್‌ಮನ್ 1983ರಲ್ಲಿ ಏನಂದರು, ಲಿನಕ್ಸ್ ಶುರುಮಾಡಿದ ಟೊರ್ವಾಲ್ಡ್ಸ್ 1991ರಲ್ಲಿ ಏನಂದರು. ಮುಂದಿನ ಒಂದು ಗಂಟೆ ಪ್ರೋಗ್ರಾಮ್ ಬರೆಯಲು ಯಾವ ಎಡಿಟರ್ ಒಳ್ಳೆಯದು ಅಂತ ಅವರವರಲ್ಲೇ ಜಗಳ. ಸಂಜೆ ನನ್ನ ಸೌಂಡ್ ಕಾರ್ಡ್ ಮೂಕವಾಗಿತ್ತು. ಕೇಳಿದ್ದಕ್ಕೆ ಒಬ್ಬ ಮ್ಯಾನ್ ಪೇಜ್, ಅಂದರೆ ಲಿನಕ್ಸಿನ ಒಳಗಿರುವ ಕೈಪಿಡಿ, ಓದು ಅಂದ. ಓದಿದೆ. ನಾಚಿಕೆಯ ಸಂಗತಿ ಅಂದರೆ, ಮುಂದಿನ ವರ್ಷ ನಾನೇ ಜೂನಿಯರ್‌ಗಳಿಗೆ ಅದನ್ನೇ ಹೇಳುತ್ತಿದ್ದೆ.

ನಮ್ಮ ಊರಿನ ರೀತಿ ಇವತ್ತಿಗೂ ಅದೇ ಅನ್ನುವುದು ನನ್ನ ತಕರಾರು. ಬೆಂಗಳೂರಿನಲ್ಲಿ ಹೊಸದೇನನ್ನಾದರೂ ಜನರಿಗೆ ದಾಟಿಸಬೇಕೆಂದರೆ ಮೊದಲು ಒಂದು ಮೀಟಪ್, ಒಂದು ಟೀಶರ್ಟ್, ಲ್ಯಾಪ್‌ಟಾಪಿಗೆ ಅಂಟಿಸುವ ಸ್ಟಿಕ್ಕರ್, ಎರಡು ದಿನದ ಹ್ಯಾಕಥಾನ್, ಪಿಜ್ಜಾ. ಎಲ್ಲವೂ ಪ್ರೋಗ್ರಾಮ್ ಬರೆಯುವವರಿಗೆ. ಬಳಸುವವರು ತಾವಾಗಿಯೇ ಹಿಂದೆ ಬರುತ್ತಾರೆ ಅಂತ ನಂಬಿಕೆ. ಕರೆಯದೆ ಯಾರು ಬರುತ್ತಾರೆ?

ನಮ್ಮಪ್ಪನನ್ನು ಕರೆದಿದ್ದೆ ನಾನು. 2008ರ ಯುಗಾದಿಗೆ ದಾವಣಗೆರೆಗೆ ಹೋದಾಗ ಅವರ ಕಂಪ್ಯೂಟರಿಗೆ ಉಬುಂಟು ಹಾಕಿದೆ. ಕೇಳಲೂ ಇಲ್ಲ, ಹೋಳಿಗೆ ತಿಂದು ಅವರು ಮಲಗಿದ್ದಾಗ ಹಾಕಿಬಿಟ್ಟೆ. ಅಪ್ಪ ಆಗ ಒಂದು ಸಂಘದ ಕಾರ್ಯದರ್ಶಿ. ವರದಿ, ನಡಾವಳಿ, ಆಮಂತ್ರಣ ಎಲ್ಲ ನುಡಿ ಅನ್ನುವ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡುತ್ತಿದ್ದರು. ಎದ್ದು ಬಂದು ಫೈಲ್ ತೆರೆದರೆ ತಲೆಯ ಮೇಲೆ ಗೀಟಿನ ಇಂಗ್ಲಿಷ್ ಎ, ಪೌಂಡ್ ಗುರುತು, ಮತ್ತೆ ಎ. ನುಡಿಯ ಹಳೇ ಫೈಲ್ ತೆರೆದವರಿಗೆಲ್ಲ ಈ ದೃಶ್ಯ ಗೊತ್ತು, ಅವು ಎಲ್ಲ ಕಂಪ್ಯೂಟರಿಗೂ ಒಂದೇ ಆದ ಯೂನಿಕೋಡ್ ಅಕ್ಷರಗಳಲ್ಲ, ಇಂಗ್ಲಿಷಿನ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ್ದು, ಆ ಫಾಂಟ್ ಇಲ್ಲದಿದ್ದರೆ ಓದಲು ಬರುವುದಿಲ್ಲ, ಫಾಂಟ್ ತಂದು ಹಾಕಿದರೂ ನುಡಿಯ ತಂತ್ರಾಂಶವೇ ವಿಂಡೋಸಿಗೆ ಬರೆದದ್ದು. ನಾನು ವೈರಸ್ ಬರಲ್ಲ, ಬಿಟ್ಟಿ, ಸ್ವತಂತ್ರ ಅಂತ ಎಲ್ಲ ಹೇಳಿದೆ. ಅಪ್ಪ ಪೂರ್ತಿ ಕೇಳಿಸಿಕೊಂಡರು. "ಎಲ್ಲ ಚಲೋ ಐತಿ ಕಣಪ್ಪ, ನನ್ನ ಅಕ್ಷರ ಎಲ್ಲಿ ಹೋದವು?" ಅಂದರು. ಮರುದಿನ ಪಕ್ಕದ ಬೀದಿಯ ಹುಡುಗನನ್ನು ಕರೆಸಿ ವಿಂಡೋಸ್ ಹಾಕಿಸಿಕೊಂಡರು. ನನ್ನೆದುರಿಗೇ. ಮುನ್ನೂರು ರೂಪಾಯಿ.

ಆ ಮುನ್ನೂರರ ವಿಂಡೋಸ್ ಕದ್ದದ್ದು ಅಂತ ಬೇರೆ ಹೇಳಬೇಕಿಲ್ಲ. ಲಿನಕ್ಸ್ ಬಿಟ್ಟಿ ಅಂತ ಸಾರುವವರು ಮರೆಯುವುದು ಇದನ್ನೇ. ನಮ್ಮಲ್ಲಿ ವಿಂಡೋಸೂ ಬಿಟ್ಟಿಯೇ ಆಗಿತ್ತು. ಬಿಟ್ಟಿಯ ಎದುರಿಗೆ ಬಿಟ್ಟಿಯನ್ನೇ ಇಟ್ಟರೆ ಜನ ಗೊತ್ತಿರುವ ಬಿಟ್ಟಿಯನ್ನು ತಗೊಳ್ತಾರೆ.

ಪ್ರೋಗ್ರಾಮರ್‌ಗಳು ಮೆಚ್ಚಿದರೂ ಮುಳುಗಿಹೋದ ವ್ಯವಸ್ಥೆಗಳು ಎಷ್ಟೋ. ಹಾಸ್ಟೆಲಿನಲ್ಲಿ ಸೀನಿಯರ್ ಒಬ್ಬ ಎಲ್ಲಿಂದಲೋ ಬಿಓಎಸ್ ಸಿಡಿ ತಂದಿದ್ದ. ಅದೂ ವಿಂಡೋಸಿನ ಥರದ್ದೇ ಒಂದು ವ್ಯವಸ್ಥೆ. ಆ್ಯಪಲ್ ಬಿಟ್ಟು ಬಂದ ಜಾನ್ ಲೂಯಿ ಗಾಸೆ ಕಟ್ಟಿದ ಬಿ ಅನ್ನುವ ಕಂಪನಿಯದು. ನಮ್ಮ ಡಬ್ಬಾ ಯಂತ್ರದಲ್ಲಿ ಮೂರು ವಿಡಿಯೋ ಒಟ್ಟಿಗೆ ಓಡಿಸಿ ತೋರಿಸಿದ, ಒಂದೂ ಮುಗ್ಗರಿಸಲಿಲ್ಲ. ನಾವು ಬಾಯಿ ಬಿಟ್ಟುಕೊಂಡು ನೋಡಿದ್ದೆವು. ಅಷ್ಟು ಹೊತ್ತಿಗೆ ಆ ಕಂಪನಿಯೇ ಇರಲಿಲ್ಲ, 2001ರಲ್ಲಿ ಪಾಮ್ ಅನ್ನುವ ಕಂಪನಿಗೆ 1.1 ಕೋಟಿ ಡಾಲರಿಗೆ ಮಾರಿಕೊಂಡಿತ್ತು. ಅದಕ್ಕೂ ಮುಂಚೆ, 1998ರ ಸುಮಾರಿಗೆ, ಜಪಾನಿನ ಹಿಟಾಚಿ ತನ್ನ ಒಂದು ಪಿಸಿಯಲ್ಲಿ ವಿಂಡೋಸ್ ಜೊತೆಗೆ ಬಿಓಎಸ್ ಕೂಡ ಹಾಕಿ ಮಾರಿತು. ಆದರೆ ಯಂತ್ರ ಆನ್ ಮಾಡಿದರೆ ಬಿಓಎಸ್ ಹೆಸರೇ ಕಾಣುತ್ತಿರಲಿಲ್ಲ, ಕೊಂಡವನೇ ಹೇಗೋ ಮಾಡಿ ಅದನ್ನು ಎಬ್ಬಿಸಿಕೊಳ್ಳಬೇಕಿತ್ತು. ಮನೆಯಲ್ಲಿ ಒಂದು ಕೋಣೆ ಜಾಸ್ತಿ ಕಟ್ಟಿ ಬಾಗಿಲ ಜಾಗದಲ್ಲಿ ಗೋಡೆ ಎಬ್ಬಿಸಿದ ಹಾಗೆ. ಮೈಕ್ರೋಸಾಫ್ಟಿನ ಕರಾರುಗಳೇ ಇದಕ್ಕೆ ಕಾರಣ ಅಂತ ಬಿ ಕಂಪನಿ ಕೋರ್ಟಿಗೆ ಹೋಯಿತು. 2003ರಲ್ಲಿ ಮೈಕ್ರೋಸಾಫ್ಟ್ ತಪ್ಪು ಒಪ್ಪದೆಯೇ 2.3 ಕೋಟಿ ಡಾಲರಿಗಿಂತ ಸ್ವಲ್ಪ ಜಾಸ್ತಿ ಕೊಟ್ಟು ಕೈ ತೊಳೆದುಕೊಂಡಿತು. ಸರಕಿಗಿಂತ ವ್ಯಾಜ್ಯಕ್ಕೇ ದುಪ್ಪಟ್ಟು ಬೆಲೆ ಬಂತು.

ನಮ್ಮದೇ ಸಿಂಪ್ಯೂಟರ್ ಇಲ್ಲವೇ? ಬೆಂಗಳೂರಿನ ಐಐಎಸ್‌ಸಿಯವರು, ಎನ್‌ಕೋರ್ ಕಂಪನಿಯವರು ಸೇರಿ ಯೋಚಿಸಿದ್ದು. ಕೈಯಲ್ಲಿ ಹಿಡಿಯುವ ಕಂಪ್ಯೂಟರು, ಒಳಗೆ ಲಿನಕ್ಸ್, ಮುಟ್ಟುವ ಪರದೆ, ಸ್ಮಾರ್ಟ್ ಕಾರ್ಡ್ ಹಾಕುವ ಜಾಗ. ಐಫೋನಿಗಿಂತ ಮೂರು ವರ್ಷ ಮುಂಚೆ, 2004ರಲ್ಲಿ ಅಮಿಡಾ ಅನ್ನುವ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು, ತಯಾರಿಸಿದ್ದು ಬಿಇಎಲ್. ಪೇಪರಿನಲ್ಲಿ ಓದಿ ಎದೆಯುಬ್ಬಿಸಿಕೊಂಡು ಎಸ್.ಪಿ. ರೋಡಿಗೆ ಹೋಗಿ ಕೇಳಿದೆ. ಮೂರು ಅಂಗಡಿಯಲ್ಲಿ ಕೇಳಿದೆ. "ಸಿಮ್ ಕಾರ್ಡಾ ಸಾರ್?" ಅಂದ ಒಬ್ಬ.

ತಾಪಕೀರ್ ಗಲ್ಲಿಯ ಪಾಟಿ ನನಗೆ ಅಷ್ಟು ಹಿಡಿಸಿದ್ದು ಇದಕ್ಕೇ. ಏನಾಗಲ್ಲ ಅನ್ನುವುದನ್ನು ಮೊದಲೇ ಹೇಳಿಬಿಟ್ಟರೆ ಬಂದವನು ಸಿಟ್ಟಾಗಿ ವಾಪಸ್ ಬರುವುದಿಲ್ಲ. ನಾನು ಅಪ್ಪನಿಗೆ ಹಾಗೆ ಹೇಳಿರಲಿಲ್ಲ. ಅಲ್ಲಿ ನಡೆಯದ ಆ ಟ್ಯಾಲಿ ಬೆಂಗಳೂರಿನದೇ ಅನ್ನುವುದು ಇನ್ನೊಂದು ತಮಾಷೆ. ದೇಶದ ಅರ್ಧ ಕಿರಾಣಿ ಲೆಕ್ಕ ನಮ್ಮೂರಿನ ತಂತ್ರಾಂಶದಲ್ಲಿದೆ, ಅದು ನೇರವಾಗಿ ಓಡುವುದು ವಿಂಡೋಸಿನಲ್ಲಿ. ಇದೇ ಪೇಟೆಯ ವ್ಯಾಪಾರಿಗಳು ವಿಂಡೋಸ್ ಬಿಡದಿರುವುದಕ್ಕೆ ಬಿಲ್ ಗೇಟ್ಸ್‌ಗಿಂತ ಜಾಸ್ತಿ ನಮ್ಮೂರೇ ಕಾರಣ ಅಂತ ಕಾಕಾಗೆ ಹೇಳಿದೆ. ಅವರಿಗೆ ನಗು ಬರಲಿಲ್ಲ.

ಇಷ್ಟೆಲ್ಲ ಬರೆದ ಮೇಲೆ ಒಂದೆರಡು ಮಾತು ಒಪ್ಪಿಕೊಳ್ಳಬೇಕು. ಒಪ್ಪಿಕೊಳ್ಳದೆ ಬಿಟ್ಟರೆ ಬೆಂಗಳೂರಿನ ಗೆಳೆಯರು ಬಿಡುವುದಿಲ್ಲ.

ಕಾಕಾ ಲಿನಕ್ಸ್ ಪ್ರಚಾರಕ ಏನಲ್ಲ. ಅವರಿಗೆ ಸರಕು ಖಾಲಿಯಾಗಬೇಕು, ವಿಂಡೋಸಿನ ಅಸಲಿ ಲೈಸೆನ್ಸ್ ಹಾಕಿದರೆ ಲಾಭ ಉಳಿಯಲ್ಲ, ನಕಲಿ ಹಾಕಲು ಮನಸ್ಸು ಒಪ್ಪಲ್ಲ, ಅಷ್ಟೇ ಲೆಕ್ಕ. ನಾನು ಕೂತಿದ್ದ ಒಂದು ಗಂಟೆಯಲ್ಲಿ ಮೂರು ಜನ ಪಾಟಿ ಓದಿ ಬಾಗಿಲಿನಿಂದಲೇ ವಾಪಸ್ ಹೋದರು. ಒಬ್ಬನಿಗಂತೂ ಅವರು ಕತ್ತೆತ್ತಿಯೂ ನೋಡಲಿಲ್ಲ. ಬೆಂಗಳೂರಿನ ಹುಡುಗರು ಭಾಷಣ ಮಾಡಿದರೂ ಬಂದವರಿಗೆ ಕುರ್ಚಿ ಹಾಕುತ್ತಿದ್ದರು, ಟೀ ಕೊಡುತ್ತಿದ್ದರು. ನನ್ನ ಸೌಂಡ್ ಕಾರ್ಡು ಕೊನೆಗೂ ಬಾಯಿ ಬಿಟ್ಟದ್ದು ಅವರಲ್ಲೇ ಒಬ್ಬ ರಾತ್ರಿ ಹನ್ನೆರಡರವರೆಗೆ ನನ್ನ ರೂಮಿನಲ್ಲಿ ನೆಲದ ಮೇಲೆ ಕೂತು ಸರಿಮಾಡಿದ್ದರಿಂದ. ಇದನ್ನು ಮೇಲೆಯೇ ಹೇಳಬೇಕಿತ್ತು, ಹೇಳಲಿಲ್ಲ.

ಆ ಹಸಿರಿನದರಲ್ಲಿ ಪ್ರಿಂಟರ್ ಓಡುತ್ತದೆ ಅಂದರೆ ಯಾರೋ ಎಲ್ಲೋ ಕೂತು ಅದನ್ನು ಓಡಿಸುವ ತಂತ್ರಾಂಶ, ಡ್ರೈವರ್, ಬರೆದಿದ್ದಾರೆ. ಬರೆದವರು ಮೀಟಪ್ಪಿನ ಪಿಜ್ಜಾ ತಿಂದವರೇ ಇರಬೇಕು. ಬೆಂಗಳೂರಿನಲ್ಲಿ 2001ರಿಂದ 2012ರವರೆಗೆ ಒಂದು ದೊಡ್ಡ ಲಿನಕ್ಸ್ ಸಮಾವೇಶ ನಡೆಯುತ್ತಿತ್ತು, ಮೊದಲು ಲಿನಕ್ಸ್ ಬೆಂಗಳೂರು, ಆಮೇಲೆ ಫಾಸ್ ಡಾಟ್ ಇನ್ ಅಂತ ಹೆಸರು. ಅಲ್ಲಿ ಕಲಿತ ಎಷ್ಟೋ ಜನ ಈ ಕೆಲಸಕ್ಕೇ ಇಳಿದರು. ನುಡಿಯ ಹಳೇ ಫೈಲುಗಳನ್ನು ಯೂನಿಕೋಡಿಗೆ ತಿರುಗಿಸುವ ಸಣ್ಣ ತಂತ್ರಾಂಶಗಳನ್ನು ಬರೆದು ಬಿಟ್ಟಿ ಕೊಟ್ಟವರೂ ನಮ್ಮ ಕನ್ನಡದ ಹುಡುಗರೇ. ಇನ್ನು ಕನ್ನಡದ ಲೋಹಿತ್ ಫಾಂಟು ಬಂದದ್ದು ಇಲ್ಲಿಂದ, ರೆಡ್‌ಹ್ಯಾಟ್ ಅನ್ನುವ ಲಿನಕ್ಸ್ ಕಂಪನಿಯ ಮೂಲಕ, ಪುಣೆಯಿಂದಲೇ. ಲೋಹಿತ್ ಅಂದರೆ ಕೆಂಪು. ಹಾಗಾಗಿ ಯಾವ ಊರು ಯಾರಿಗೆ ಏನು ಮಾಡಿತು ಅನ್ನುವ ಲೆಕ್ಕ ನಾನು ಹೇಳಿದಷ್ಟು ಸಲೀಸಲ್ಲ.

ಅಪ್ಪನಿಗೆ ಈಗ ಎಪ್ಪತ್ತಾರು. ಅವರ ಕಂಪ್ಯೂಟರ್ ವಿಂಡೋಸ್ 10ರದ್ದು, ಅದು ದಿನಾ ಏನೋ ಎಚ್ಚರಿಕೆ ತೋರಿಸುತ್ತದಂತೆ. ಈ ಸಲ ಫೋನ್ ಮಾಡಿ ಮೊದಲು ಏನಾಗಲ್ಲ ಅಂತ ಹೇಳಿದೆ. ಹಳೇ ನುಡಿ ನಡೆಯಲ್ಲ, ಕೀಲಿಗಳ ಜಾಗ ಮಾತ್ರ ಅದೇ ಇರುತ್ತೆ, ಕೆಜಿಪಿ ಲೇಔಟ್ ಹಾಕಿಕೊಡ್ತೀನಿ, ಹಳೇ ಕಡತಗಳನ್ನು ನಾನೇ ಯೂನಿಕೋಡಿಗೆ ತಿರುಗಿಸ್ತೀನಿ, ಒತ್ತಕ್ಷರ ಅಲ್ಲಲ್ಲಿ ತಪ್ಪಬಹುದು, ನೀವು ತಿದ್ದಬೇಕು. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ತಿದ್ದಾಕೆ ನಂಗೆ ಬರ್ತೈತಿ, ತಗಂಬಾ" ಅಂದರು.

ಕಾಕಾ ಹತ್ತಿರವೇ ಒಂದು ಯಂತ್ರ ತಗೊಂಡೆ. ದುಡ್ಡು ಕೊಡುವಾಗ, ನಿಮ್ಮ ಅಂಗಡಿಗೆ ಕನ್ನಡದವರೂ ಬರುತ್ತಾರೆ, ಒಂದು ಕನ್ನಡ ಪಾಟಿ ಬರೆದುಕೊಡಲಾ ಅಂತ ಕೇಳಿದೆ. ಒಂದು ರಟ್ಟು ಕೊಟ್ಟರು. ಐದು ಸಾಲು ಬರೆದೆ. ಒಂದೊಂದರ ಅರ್ಥವನ್ನೂ ಕೇಳಿದರು. ಮೊದಲ ಸಾಲು ನಾನೇ ಸೇರಿಸಿದ್ದು, "ನಿಮ್ಮ ಕಂಪ್ಯೂಟರ್, ನಿಮ್ಮ ಸ್ವಾತಂತ್ರ್ಯ". ಅದರ ಅರ್ಥ ಹೇಳಿದೆ.

"ಕಾಢೂನ್ ಟಾಕಾ," ಅಂದರು. ತೆಗೆದುಹಾಕಿ.

ಯಾಕೆ ಕಾಕಾ ಅಂತ ಬಾಯಿ ತೆರೆದೆ. ಗಂಟೆ ಒಂದಾಗಿತ್ತು. ಅವರು ಶಟರಿನ ಕೊಕ್ಕೆ ಕೈಗೆತ್ತಿಕೊಂಡಿದ್ದರು.